ಲೈಟು ಪದೇ ಪದೇ ಆನ್ ಆದರೆ ಕರೆಂಟು ಜಾಸ್ತಿ ಖರ್ಚಾಗುತ್ತಾ?

ಪ್ರಶ್ನೆ: ನಮ್ಮ ಆಫೀಸಿಗೆ ವೈರ್‌ಲೆಸ್ ಸೆನ್ಸರ್ ಇರುವ, ಅಂದರೆ ಜನ ಬಂದಾಗ ತಾನೇ ಆನ್ ಆಗಿ ಹೋದ ಮೇಲೆ ಆರುವ ಎಲ್‌ಇಡಿ ಲೈಟು ಹಾಕಿಸಬೇಕು ಅಂತಿದ್ದೇವೆ. ಆದರೆ ಪ್ರತಿ ಸಲ ಆನ್ ಆಗುವಾಗ ಲೈಟು ಜಾಸ್ತಿ ಕರೆಂಟು ಎಳೆಯುತ್ತದಂತೆ. ಹಾಗಿದ್ದರೆ ಇಡೀ ದಿನ ಉರಿಯಲು ಬಿಡುವುದೇ ಲಾಭ ಅಲ್ವಾ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ, ಇನ್ಯಾರಾದರೂ ಕೇಳಿದರೆ ನೀವೇ ತೋರಿಸಿ.

ಆನ್ ಆದ ಕ್ಷಣ ಲೈಟು ಜಾಸ್ತಿ ಕರೆಂಟು ಎಳೆಯುವುದು ನಿಜ. ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟು ಕೊಡುವ ಡ್ರೈವರಿನೊಳಗೆ ಕೆಪಾಸಿಟರ್ ಅಂತ ವಿದ್ಯುತ್ ತುಂಬಿಟ್ಟುಕೊಳ್ಳುವ ಒಂದು ಭಾಗ ಇರುತ್ತದೆ, ಅದು ತುಂಬಿಕೊಳ್ಳುವಾಗ ಆಗುವ ಎಳೆತ ಅದು. ಆದರೆ ಎಷ್ಟು ಎಳೆಯಿತು ಅಂತ ಹೇಳುವವರು ಎಷ್ಟು ಹೊತ್ತು ಎಳೆಯಿತು ಅಂತ ಹೇಳುವುದೇ ಇಲ್ಲ. ಮೀಟರು ಓಡಲು ಎರಡೂ ಬೇಕು.

20 ವ್ಯಾಟಿನ ಒಂದು ಲೈಟು ತಗೊಳ್ಳಿ. ಆನ್ ಆಗುವಾಗ ಅದು 40 ಆಂಪಿಯರ್ ಎಳೆಯಿತು ಅಂತಲೇ ಇಟ್ಟುಕೊಳ್ಳೋಣ. ಕೇಳಿದರೆ ಗಾಬರಿ ಆಗುವಷ್ಟು ದೊಡ್ಡದು. ಆದರೆ ಅದು ಇರುವುದು ಸುಮಾರು 0.2 ಮಿಲಿಸೆಕೆಂಡು. 230 ವೋಲ್ಟಿನ ಲೈನಿನಲ್ಲಿ ವೋಲ್ಟೇಜ್ ಏರಿಳಿಯುತ್ತಿರುತ್ತದೆ, ಅದರ ತುತ್ತತುದಿ 325 ವೋಲ್ಟು, ಅದನ್ನೇ ಹಿಡಿದು ಗುಣಿಸಿದರೂ ಖರ್ಚಾಗುವ ಶಕ್ತಿ 3 ಜೂಲ್ ದಾಟುವುದಿಲ್ಲ. ಅದೇ ಲೈಟು ಸುಮ್ನೆ ಉರಿಯುತ್ತಿದ್ದರೆ ಸೆಕೆಂಡಿಗೆ 20 ಜೂಲ್ ಬೇಕು. ಅಂದರೆ ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಲೈಟು ಆರಿದ್ದರೆ ಸಾಕು, ಆ ಎಳೆತದ ಖರ್ಚು ವಾಪಸ್ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ.

ಈ ನಂಬಿಕೆ ಬಂದಿದ್ದು ಟ್ಯೂಬ್‌ಲೈಟಿನ ಕಾಲದಿಂದ. ಟ್ಯೂಬಿನ ಎರಡು ತುದಿಯ ಫಿಲಮೆಂಟಿಗೆ ಒಂದು ಲೇಪ ಇರುತ್ತದೆ, ಪ್ರತಿ ಸಲ ಹೊತ್ತಿಸಿದಾಗಲೂ ಅದು ಸ್ವಲ್ಪ ಸವೆಯುತ್ತದೆ. ಹಾಗಾಗಿ ಪದೇ ಪದೇ ಹೊತ್ತಿಸಿದರೆ ಟ್ಯೂಬು ಬೇಗ ಹಾಳಾಗುತ್ತದೆ ಅನ್ನುವ ಮಾತು ಸರಿಯೇ. ಅದು ಬಾಯಿಂದ ಬಾಯಿಗೆ ಹೋಗುತ್ತಾ ‘ಬಿಲ್ಲು ಜಾಸ್ತಿ ಬರುತ್ತದೆ’ ಅಂತಾಗಿದೆ. ಟ್ಯೂಬಿನ ಆಯಸ್ಸು ಬೇರೆ, ಬಿಲ್ಲು ಬೇರೆ. ಎಲ್‌ಇಡಿಗೆ ಆ ಲೇಪವೇ ಇಲ್ಲ.

ಆರಂಭದ ಎಳೆತದಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೇ ಲೈನಿನ ಐವತ್ತು ಲೈಟು ಒಟ್ಟಿಗೆ ಆನ್ ಆದರೆ ಕರೆಂಟು ಜಾಸ್ತಿಯಾದರೆ ಲೈನು ಕಡಿಯುವ ಎಂಸಿಬಿ ಸ್ವಿಚ್ಚು ಬೀಳಬಹುದು, ಲೈಟನ್ನು ಆನ್-ಆಫ್ ಮಾಡುವ ರಿಲೇಯ ಕಾಂಟ್ಯಾಕ್ಟುಗಳು ಅಂಟಿಕೊಳ್ಳಬಹುದು. ಅದನ್ನು ವೈರಿಂಗ್ ಮಾಡುವವರು ನೋಡಿಕೊಳ್ಳಬೇಕು. ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಜನ ಹೋದ ಮೇಲೆ ಲೈಟು ಎಷ್ಟು ಹೊತ್ತು ಉರಿಯಬೇಕು ಅಂತ ಸೆನ್ಸರಿನಲ್ಲಿ ಒಂದು ಟೈಮರ್ ಇರುತ್ತದೆ, ಈ ಭಯಕ್ಕೇ ಜನ ಅದನ್ನು 30 ನಿಮಿಷಕ್ಕೆ ಇಟ್ಟುಬಿಡುತ್ತಾರೆ. ಸ್ಟೋರ್ ರೂಮಿಗೆ ಯಾರೋ 2 ನಿಮಿಷ ಹೋಗಿ ಬಂದರೆ ಲೈಟು 32 ನಿಮಿಷ ಉರಿಯುತ್ತದೆ. 5 ನಿಮಿಷಕ್ಕೆ ಇಟ್ಟರೆ 7 ನಿಮಿಷದಲ್ಲಿ ಮುಗಿಯಿತು. ಜನ ಅಲುಗಾಡದೆ ಕೂತು ಕೆಲಸ ಮಾಡುವ ಕಡೆ ಮಾತ್ರ ಟೈಮರ್ ಸ್ವಲ್ಪ ಉದ್ದ ಇರಲಿ, ಏಕೆಂದರೆ ಇಂಥ ಲೈಟಿನಲ್ಲಿ ಬಳಸುವ ಪಿಐಆರ್ ಅನ್ನುವ ಬಗೆಯ ಸೆನ್ಸರಿಗೆ ಕಾಣುವುದು ಮೈಬಿಸಿಯ ಚಲನೆ ಮಾತ್ರ.

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಲೈಟು ಆರಿದ್ದಾಗ ಎಷ್ಟು ಖರ್ಚು? ವೈರ್‌ಲೆಸ್ ಲೈಟು ಆರಿದ್ದರೂ ಅದರ ರೇಡಿಯೊ ಎಚ್ಚರವಾಗಿಯೇ ಇರಬೇಕು. ಇಲ್ಲದಿದ್ದರೆ ‘ಆನ್ ಆಗು’ ಅನ್ನುವ ಸಂದೇಶ ಅದಕ್ಕೆ ಮುಟ್ಟುವುದು ಹೇಗೆ? ಅದಕ್ಕೆ ಅರ್ಧ ವ್ಯಾಟ್ ಅಂತ ಇಟ್ಟುಕೊಂಡರೆ 24 ಗಂಟೆಗೆ 12 ವ್ಯಾಟ್-ಅವರ್. ನಮ್ಮ 20 ವ್ಯಾಟಿನ ಲೈಟು 36 ನಿಮಿಷ ಉರಿಯುವಷ್ಟು. ಕಾರಿಡಾರ್, ಮೀಟಿಂಗ್ ರೂಮು, ಪಾರ್ಕಿಂಗ್ ಜಾಗದಲ್ಲಿ ದಿನಕ್ಕೆ ಗಂಟೆಗಟ್ಟಲೆ ಉಳಿತಾಯ ಆಗುವುದರಿಂದ ಈ 36 ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಉರಿಯುವ 5 ವ್ಯಾಟಿನ ಬಲ್ಬಿಗೆ ಬೇಕಾಗುವುದೇ 2.5 ವ್ಯಾಟ್-ಅವರ್. ಅದನ್ನು ಉಳಿಸಲು 12 ಖರ್ಚು ಮಾಡಬೇಡಿ. ಅಲ್ಲಿ ಗೋಡೆಯ ಮಾಮೂಲಿ ಸ್ವಿಚ್ಚೇ ಇರಲಿ.