ಹಂಬನ್‌ತೋಟ: ಆ 112 ಕೋಟಿ ಡಾಲರ್ ಎಲ್ಲಿಗೆ ಹೋಯಿತು?

‘ಸಾಲ ತೀರಿಸಲಾಗದ ಶ್ರೀಲಂಕಾದಿಂದ ಚೀನಾ ಬಂದರನ್ನೇ ಕಿತ್ತುಕೊಂಡಿತು.’ ಟಿವಿ ಚರ್ಚೆಗಳಲ್ಲಿ ಹಂಬನ್‌ತೋಟದ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಅಮೆರಿಕದ ವಿದ್ವಾಂಸೆ ಡೆಬೊರಾ ಬ್ರೌಟಿಗಮ್ ಅವರ ತಕರಾರು ಈ ಕಥೆಯ ಮೇಲೇ.

ಚೀನಾ ಸಾಲ ಕೊಡುವುದು ಹೊಸದೇನಲ್ಲ. 1970ರ ದಶಕದಲ್ಲಿ ಬಡ್ಡಿಯಿಲ್ಲದ ಸಾಲ ಕೊಟ್ಟು ಟಾಂಜಾನಿಯಾ–ಜಾಂಬಿಯಾ ರೈಲುಮಾರ್ಗ ಕಟ್ಟಿತು, 2004ರಲ್ಲಿ ತೈಲದ ಆಧಾರದ ಮೇಲೆ ಅಂಗೋಲಕ್ಕೆ 200 ಕೋಟಿ ಡಾಲರ್ ಕೊಟ್ಟಿತು, 2013ರಲ್ಲಿ ಹೊರದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟುವ ‘ಬೆಲ್ಟ್ ಅಂಡ್ ರೋಡ್’ ಯೋಜನೆ ಘೋಷಿಸಿತು. ಬ್ರೌಟಿಗಮ್ ಇದರ ಬೆನ್ನು ಹತ್ತಿದ್ದು ಗ್ಯಾಂಬಿಯಾ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಚೀನೀಯರು ನಡೆಸುತ್ತಿದ್ದ ಭತ್ತದ ಯೋಜನೆಗಳಿಂದ. ಆಮೇಲೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಆಫ್ರಿಕಾದ ಸಾಲಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು. ಪತ್ರಿಕೆಯಲ್ಲಿ ಬಂದ ಸಾಲಕ್ಕೆ ನಿಜಕ್ಕೂ ಸಹಿ ಬಿದ್ದಿದೆಯೇ? ಎಷ್ಟೋ ಕಡೆ ಬಿದ್ದಿರಲೇ ಇಲ್ಲ.

ಹಂಬನ್‌ತೋಟಕ್ಕೆ ಬರೋಣ. ಅಲ್ಲಿ ಬಂದರು ಕಟ್ಟಬಹುದೇ ಎಂದು 2003ರಲ್ಲಿ ಕೆನಡಾದ ಕಂಪನಿ, 2006ರಲ್ಲಿ ಡೆನ್ಮಾರ್ಕ್‌ನ ಕಂಪನಿ ಅಧ್ಯಯನ ಮಾಡಿದ್ದವು. ಮೊದಲು ಕಾರು, ಎಣ್ಣೆ, ಧಾನ್ಯದ ಹಡಗುಗಳು ಬರಲಿ, ಆದಾಯ ಕಂಡಮೇಲೆ ಕಂಟೇನರ್‌ಗೆ ವಿಸ್ತರಿಸಿ ಎಂದಿತ್ತು ಡೆನ್ಮಾರ್ಕ್‌ನ ವರದಿ. ಹಂಬನ್‌ತೋಟ ಆಗಿನ ಶ್ರೀಲಂಕಾ ಅಧ್ಯಕ್ಷರ ತವರು ಜಿಲ್ಲೆ ಬೇರೆ! 2007ರಲ್ಲಿ ಚೀನಾ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕಿನಿಂದ ಶೇ 6.3ರ ಬಡ್ಡಿಗೆ 30.7 ಕೋಟಿ ಡಾಲರ್ ಬಂತು. 2010ರಲ್ಲಿ ಬಂದರು ಉದ್ಘಾಟನೆಯಾಯಿತು. ಆದಾಯ ಕಾಣುವ ತನಕ ಯಾರೂ ಕಾಯಲಿಲ್ಲ. 2012ರಲ್ಲಿ ಎರಡನೇ ಹಂತಕ್ಕೆ ಇನ್ನೂ 75.7 ಕೋಟಿ ತಂದರು.

ಅಷ್ಟರಲ್ಲಿ ದೇಶ ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಯಲ್ಲಿ ಕೈತುಂಬ ಸಾಲ ಎತ್ತಿತ್ತು. 2017ರಲ್ಲಿ ಕಟ್ಟಬೇಕಿದ್ದ ಸುಮಾರು 450 ಕೋಟಿ ಡಾಲರ್ ಕಂತು-ಬಡ್ಡಿಯಲ್ಲಿ ಹಂಬನ್‌ತೋಟದ ಪಾಲು ಶೇ 5 ಮಾತ್ರ ಎಂದು ಬ್ರೌಟಿಗಮ್ ಮತ್ತು ಹಾರ್ವರ್ಡ್‌ನ ಮೆಗ್ ರಿತ್‌ಮೈರ್ 2021ರಲ್ಲಿ ಬರೆದರು. ಅದೇ 2017ರಲ್ಲಿ ಬಂದರು 99 ವರ್ಷದ ಗುತ್ತಿಗೆಗೆ ಚೀನಾದ ಸರ್ಕಾರಿ ಕಂಪನಿ ಚೈನಾ ಮರ್ಚೆಂಟ್ಸ್‌ನ ಪಾಲಾಯಿತು. ಬಂದ 112 ಕೋಟಿ ಡಾಲರ್ ಹೋಗಿದ್ದು ವಿದೇಶಿ ವಿನಿಮಯ ಸಂಗ್ರಹಕ್ಕೆ, ಅಂದರೆ ಉಳಿದ ವಿದೇಶಿ ಸಾಲ ಕಟ್ಟಲು ಬೇಕಾದ ಡಾಲರ್ ದಾಸ್ತಾನಿಗೆ. ಎಕ್ಸಿಮ್ ಸಾಲ ಶ್ರೀಲಂಕಾದ ತಲೆಯ ಮೇಲೇ ಉಳಿಯಿತು. ಮನೆ ಮೇಲಿನ ಸಾಲ ಹಾಗೇ ಇಟ್ಟುಕೊಂಡು, ಮನೆಯನ್ನು ಭೋಗ್ಯಕ್ಕೆ ಕೊಟ್ಟು ಬಂದ ದುಡ್ಡಿನಲ್ಲಿ ಊರವರ ಕೈಸಾಲ ನಿಭಾಯಿಸಿದ ಹಾಗೆ. ‘ಸಾಲದ ಬಲೆ’ಯ ರಾಜತಾಂತ್ರಿಕತೆ ಎಂಬ ಮಾತು ಆ ವರ್ಷದ ಜನವರಿಯಲ್ಲೇ ದೆಹಲಿಯಲ್ಲಿ ಹುಟ್ಟಿತ್ತು, ಗುತ್ತಿಗೆಗೆ ಅಂತಿಮ ಸಹಿ ಬಿದ್ದದ್ದು ಜುಲೈನಲ್ಲಿ.

ಹಾಗಂತ ಚೀನಾದ ಸಾಲಗಳ ಲೆಕ್ಕವೆಲ್ಲ ಚೊಕ್ಕ ಎಂದಲ್ಲ. ಜಾಂಬಿಯಾ ಚೀನೀಯರಿಗೆ ಕೊಡಬೇಕಿರುವುದು ಸುಮಾರು 660 ಕೋಟಿ ಡಾಲರ್, ಅಲ್ಲಿನ ಸರ್ಕಾರ ಹೇಳಿದ್ದರ ಹತ್ತಿರಹತ್ತಿರ ಎರಡರಷ್ಟು ಎಂದು 2021ರಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಬ್ರೌಟಿಗಮ್ ತಂಡವೇ. ಅವರಿಗೆ ‘ಚೀನಾ ಪರ’ ಎಂಬ ಹಣೆಪಟ್ಟಿ ಕಟ್ಟುವವರು ಇದನ್ನು ಓದಿದಂತಿಲ್ಲ.

2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಿತು. 2024ರ ಜೂನ್‌ನಲ್ಲಿ ಒಂದೇ ದಿನ ಎಕ್ಸಿಮ್ ಬ್ಯಾಂಕಿನೊಂದಿಗೂ, ಭಾರತ ಸಹ-ಅಧ್ಯಕ್ಷನಾಗಿದ್ದ ಸಾಲ ಕೊಟ್ಟ ದೇಶಗಳ ಸಮಿತಿಯೊಂದಿಗೂ ಒಪ್ಪಂದವಾಯಿತು. ಬಾಂಡ್ ಹಿಡಿದವರೊಂದಿಗಿನ ವ್ಯವಹಾರ ಬಗೆಹರಿಯಲು ಡಿಸೆಂಬರ್‌ ಆಯಿತು.