ತವರು ಕಳೆದುಕೊಂಡವಳ 36 ಹಾಳೆಗಳು

ಅಚ್ಚುಚಿತ್ರ ಕಲಾವಿದೆ ಜರೀನಾ ಹಾಶ್ಮಿ ಮೊದಲು ಪದಗಳ ಒಂದು ಪಟ್ಟಿ ಮಾಡಿದರು. ಘರ್ (ಮನೆ), ದಹಲೀಜ್ (ಹೊಸ್ತಿಲು), ದರ್ವಾಜಾ (ಬಾಗಿಲು), ಆಂಗನ್ (ಅಂಗಳ), ಪಂಖಾ (ಫ್ಯಾನು), ಖುಷ್ಬೂ (ಪರಿಮಳ), ಜಮೀನ್, ಸರ್ಹದ್... ನಾವು ದಿನಾ ಆಡುವ ಜಮೀನು, ಸರಹದ್ದು ಕೂಡ ಇವೇ ಮಾತುಗಳು. ಪದಗಳನ್ನು ಪಾಕಿಸ್ತಾನದ ಲಿಪಿಕಾರರೊಬ್ಬರಿಂದ ಉರ್ದುವಿನಲ್ಲಿ ಬರೆಸಿದರು. ಆಮೇಲೆ ಒಂದೊಂದಕ್ಕೂ ಮರದಚ್ಚು ಕೆತ್ತಿ, ಮಸಿ ಹಚ್ಚಿ ಹಾಳೆಗೆ ಒತ್ತಿದರು. ಹೀಗೆ 1999ರಲ್ಲಿ 36 ಹಾಳೆಗಳ ಸರಣಿ ಆಯಿತು. ಹೆಸರು ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’. ಮನೆಯೇ ಪರದೇಶ! ಆಗ ಅವರಿದ್ದದ್ದು ನ್ಯೂಯಾರ್ಕಿನಲ್ಲಿ. ಆ ಮನೆಯನ್ನೂ ಖಾಲಿ ಮಾಡಬೇಕಾದೀತು ಎಂಬ ಭಯವಿತ್ತು.

ಇದರ ಬೇರು ಅಲೀಗಢದಲ್ಲಿದೆ. ಜರೀನಾ ಹುಟ್ಟಿದ್ದು ಅಲ್ಲೇ, 1937ರಲ್ಲಿ. ಅಪ್ಪ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರು. ದೇಶ ಒಡೆದಾಗ ಹುಡುಗಿಗೆ ಹತ್ತು ವರ್ಷ. ಗಣಿತ ಓದಿದರು, ರಾಜತಾಂತ್ರಿಕರೊಬ್ಬರನ್ನು ಮದುವೆಯಾಗಿ ಬ್ಯಾಂಕಾಕ್, ಪ್ಯಾರಿಸ್ ಎಂದು ಊರೂರು ಸುತ್ತಿದರು. ಅಷ್ಟರಲ್ಲಿ ಅಪ್ಪ ಅಮ್ಮ ಕರಾಚಿಗೆ ಹೋಗಿ ನೆಲೆಸಿದರು. ಹೆಣ್ಣುಮಗಳಿಗೆ ಹುಟ್ಟೂರು ಉಳಿಯಿತು, ತವರು ಉಳಿಯಲಿಲ್ಲ. ಈ ನೋವು ಕನ್ನಡದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ.

ಗಣಿತ ಓದಿದ್ದಕ್ಕೇ ಇರಬೇಕು, ಅವರು ಚಿತ್ರಿಸಿದ ಮನೆಗಳಲ್ಲಿ ಜಾಸ್ತಿ ಏನೂ ಇಲ್ಲ. ಗೆರೆ, ಚೌಕ, ನಕ್ಷೆ. 1991ರಲ್ಲಿ ಶಿಲ್ಪವಾಗಿ ಮಾಡಿದ ಪುಟ್ಟ ಮನೆಗಳಿಗೆ ಗಾಲಿಗಳಿವೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು 2001ರ ಮರದಚ್ಚಿನ ಚಿತ್ರ ‘ಡಿವೈಡಿಂಗ್ ಲೈನ್’, ಅಂದರೆ ಬೇರ್ಪಡಿಸುವ ಗೆರೆ. ಭಾರತ-ಪಾಕಿಸ್ತಾನದ ನಡುವಿನ ಗಡಿ ಅದು. 1947ರಲ್ಲಿ ಬ್ರಿಟಿಷ್ ವಕೀಲ ಸಿರಿಲ್ ರಾಡ್‌ಕ್ಲಿಫ್ ಈ ದೇಶಕ್ಕೆ ಬಂದು ಐದೇ ವಾರಗಳಲ್ಲಿ ಎಳೆದ ಗೆರೆ. ಮರದಚ್ಚಿನಲ್ಲಿ ಗೆರೆ ಕಪ್ಪಾಗಿ ಮೂಡಬೇಕಾದರೆ ಅದನ್ನು ಕೊರೆಯುವಂತಿಲ್ಲ. ಮಸಿ ಹತ್ತುವುದು ಉಬ್ಬಿ ಉಳಿದ ಭಾಗಕ್ಕೆ ಮಾತ್ರ, ಹಾಗಾಗಿ ಅದರ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಹಾಳೆಯ ಹತ್ತಿರ ಹೋದರೆ ಉಳಿಯ ಗೀರುಗಳು ಇಕ್ಕೆಲದಲ್ಲೂ ಕಾಣುತ್ತವೆ. ಎರಡೂ ಕಡೆಯ ನೆಲ ಹೋಗಿ ಗೆರೆ ಮಾತ್ರ ಉಳಿದಿದೆ.

ಕರಾಚಿಯಲ್ಲಿದ್ದ ಅಕ್ಕ ರಾಣಿ ತಂಗಿಗೆ ಕಾಗದ ಬರೆಯುತ್ತಿದ್ದರು. ಅಪ್ಪ ಅಮ್ಮ ತೀರಿಕೊಂಡದ್ದು, ಮನೆ ಮಾರಿದ್ದು. ಆದರೆ ಕೆಲವು ಕಾಗದಗಳನ್ನು ಅಂಚೆಗೆ ಹಾಕಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಅವು ಜರೀನಾ ಕೈಗೆ ಬಂದವು. 2004ರ ‘ಲೆಟರ್ಸ್ ಫ್ರಮ್ ಹೋಮ್’ (ಮನೆಯಿಂದ ಬಂದ ಕಾಗದಗಳು) ಎಂಬ ಅಚ್ಚುಚಿತ್ರ ಸರಣಿ ಹುಟ್ಟಿದ್ದು ಅವುಗಳಿಂದಲೇ. ಅಕ್ಕನ ಕೈಬರಹವನ್ನು ಹಾಗೇ ಅಚ್ಚು ಮಾಡಿ, ಅದರ ಮೇಲೆ ಮನೆಯ ನಕ್ಷೆ, ಊರಿನ ನಕಾಶೆ ಒತ್ತಿದ್ದಾರೆ. ಒಂದು ಹಾಳೆಯಲ್ಲಿ ಕಪ್ಪು ಮನೆಯೊಂದು ಕಾಗದದ ನಡುವೆ ಕೂತಿದೆ. ಅದರ ಅಂಚುಗಳಾಚೆ ಅಕ್ಕನ ಸಾಲುಗಳು ಕಾಣುತ್ತವೆ.