ಹಿತ್ತಾಳೆ ಎಲ್ಲಿ ಸೀಳುತ್ತದೆ, ಏಕೆ ಸೀಳುತ್ತದೆ

ರೈಫಲಿನಿಂದ ಗುಂಡು ಹಾರಿದ ಮೇಲೆ ಕೈಯಲ್ಲಿ ಉಳಿಯುವುದು ಹಿತ್ತಾಳೆಯ ಒಂದು ಖಾಲಿ ಕವಚ. ಗುಂಡು, ಮದ್ದು, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಮತ್ತು ಕವಚ ಎಂಬ ತೋಟೆಯ ನಾಲ್ಕು ಭಾಗಗಳಲ್ಲಿ ಮತ್ತೆ ಬಳಕೆಗೆ ಬರುವುದು ಇದೊಂದೇ. ಅಮೆರಿಕದ ಬೇಟೆಗಾರರು ಇಂಥ ಕವಚಗಳನ್ನು ಮನೆಯಲ್ಲೇ ಮರುತುಂಬಿಕೊಳ್ಳುವುದು ಹಳೆಯ ರೂಢಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧವಾದ್ದರಿಂದ, ಇಲ್ಲಿ ನಮ್ಮ ಕುತೂಹಲವೆಲ್ಲ ಲೋಹದ ನಡವಳಿಕೆಯ ಬಗ್ಗೆ ಮಾತ್ರ.

ಹೆಚ್ಚಿನ ರೈಫಲ್ ತೋಟೆಗಳು ಸೀಸೆಯ ಆಕಾರದಲ್ಲಿರುತ್ತವೆ: ಅಗಲವಾದ ಹೊಟ್ಟೆ, ಇಳಿಜಾರು ಹೆಗಲು, ಕಿರಿದಾದ ಕತ್ತು. ನೇರ ಗೋಡೆಯ ತೋಟೆಗೆ ಹೆಗಲೂ ಇಲ್ಲ, ಕತ್ತೂ ಇಲ್ಲ. ಇವುಗಳಲ್ಲಿ ಹಿರಿಯ ಎನ್ನಬಹುದಾದ .45-70 ತೋಟೆಯನ್ನು ಅಮೆರಿಕದ ಸೇನೆ 1873ರಲ್ಲಿ ಬಳಕೆಗೆ ತಂದಿತು, 0.45 ಇಂಚಿನ ಗುಂಡು, 70 ಗ್ರೇನ್ ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಕಪ್ಪು ಮದ್ದು ಎಂಬುದೇ ಆ ಹೆಸರಿನ ಅರ್ಥ. ಓಹಾಯೊ, ಮಿಷಿಗನ್, ಅಯೋವಗಳಂಥ ರಾಜ್ಯಗಳ ಸಮತಟ್ಟು ಪ್ರದೇಶಗಳಲ್ಲಿ, ಗುಂಡು ಬಹುದೂರ ಸಾಗಬಾರದೆಂಬ ಕಾಳಜಿಯಿಂದ, ಜಿಂಕೆ ಬೇಟೆಗೆ ನೇರ ಗೋಡೆಯ ತೋಟೆಗಳಿಗೆ ಅನುಮತಿ ದೊರೆತ ಮೇಲೆ ಈ ಜಾತಿಗೆ ಹೊಸ ಜೀವ ಬಂದಿದೆ.

ಕವಚದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಕೊಡ ಬಡಿಯುವ ಕಂಚುಗಾರರಿಗೆ ಈ ಲೋಹದ ಸ್ವಭಾವ ಚೆನ್ನಾಗಿ ಗೊತ್ತು: ಬಡಿದಷ್ಟೂ ಅದು ಗಡುಸಾಗುತ್ತದೆ, ನಡುನಡುವೆ ಕಾಯಿಸಿ ಮೆದುಮಾಡದಿದ್ದರೆ ಅಂಚಿನಲ್ಲಿ ಬಿರಿಯುತ್ತದೆ. ಲೋಹದ ಹರಳುಗಳಲ್ಲಿ ಪರಮಾಣುಗಳ ಸಾಲು ತಪ್ಪಿದ ಎಡೆಗಳಿರುತ್ತವೆ. ಡಿಸ್‌ಲೊಕೇಶನ್ ಎಂದು ಕರೆಯುವ ಈ ದೋಷಗಳು ಸರಾಗವಾಗಿ ಜರುಗುವವರೆಗೂ ಲೋಹ ಮುರಿಯದೆ ಬಾಗುತ್ತದೆ. ಬಾಗಿದಂತೆಲ್ಲ ಅವು ಹೆಚ್ಚುತ್ತ, ಸಂತೆಯ ಗಾಡಿಗಳಂತೆ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ. ಆಮೇಲೆ ಬಾಗಲು ಎಡೆಯಿಲ್ಲದ ಲೋಹಕ್ಕೆ ಸೀಳುವುದೊಂದೇ ದಾರಿ.

ನೇರ ಕವಚದಲ್ಲಿ ಈ ಪೆಟ್ಟೆಲ್ಲ ಬೀಳುವುದು ಬಾಯಿಯ ಮೇಲೆ. ಸಿಡಿದಾಗ ಬಾಯಿ ಚೇಂಬರಿನ, ಅಂದರೆ ನಳಿಕೆಯಲ್ಲಿ ತೋಟೆ ಕೂರುವ ಗೂಡಿನ, ಗೋಡೆಗೆ ಹಿಗ್ಗುತ್ತದೆ. ಮರುತುಂಬುವಾಗ ಡೈ ಎಂಬ ಅಳತೆಯ ಅಚ್ಚು ಅದನ್ನು ಒತ್ತಿ ಕಿರಿದಾಗಿಸುತ್ತದೆ. ಗುಂಡು ಒಳಗಿಳಿಯಲೆಂದು ಮತ್ತೊಂದು ಉಪಕರಣ ಅದನ್ನು ತುತ್ತೂರಿಯಂತೆ ಅರಳಿಸುತ್ತದೆ. ಗುಂಡು ಕುಳಿತ ಮೇಲೆ ಅಂಚನ್ನು ಒಳಕ್ಕೆ ಮಡಚಿ ಬಿಗಿಮಾಡುವ ಕ್ರಿಂಪ್ ಎಂಬ ಕೆಲಸವಿದೆ. ಒಂದೊಂದು ಸುತ್ತಿನಲ್ಲೂ ಇಷ್ಟು ಹಿಂಸೆಯುಂಡ ಬಾಯಿಯಲ್ಲಿ ಕೊನೆಗೊಂದು ದಿನ ಕೂದಲೆಳೆಯಂಥ ಉದ್ದಸೀಳು ಕಾಣಿಸುತ್ತದೆ. ಅರಳಿಸುವುದನ್ನು ಗುಂಡಿನ ಬುಡ ಹೊಗುವಷ್ಟಕ್ಕೆ ಮಿತಗೊಳಿಸಿದರೆ ಕವಚ ಹೆಚ್ಚು ಬಾಳುತ್ತದೆ. ಬಾಯಿಯನ್ನಷ್ಟೇ ಕ್ಷಣಕಾಲ ಕಾಯಿಸುವ ಅನೀಲಿಂಗ್ ಹೊಸ ಹರಳುಗಳನ್ನು ಹುಟ್ಟಿಸಿ ಮೃದುತ್ವವನ್ನು ಮರಳಿಸುತ್ತದೆ. ಆದರೆ ಕಾವು ಬುಡಕ್ಕೆ ಇಳಿಯಲೇಬಾರದು, ಏಕೆಂದರೆ ಒತ್ತಡವನ್ನು ತಡೆದು ನಿಲ್ಲುವುದು ಗಡುಸಾದ ಆ ಬುಡವೇ. ಮೆತ್ತಗಾದ ಬುಡದ ಕವಚ ನಿಜಕ್ಕೂ ಅಪಾಯಕಾರಿ. ಸೀಳು ಬಿದ್ದ ಕವಚಕ್ಕಂತೂ ಕಾಯಿಸುವಿಕೆಯೂ ಮದ್ದಲ್ಲ.

ಇನ್ನೊಂದು ಬಗೆಯ ಹಾನಿ ಸಿಡಿಯುವ ಮೊದಲೇ, ಮರುತುಂಬುವ ಪ್ರೆಸ್ಸಿನಲ್ಲೇ ಆಗುತ್ತದೆ. ಬಾಯಿಯ ಕೆಳಗೆ, ಗುಂಡಿನ ಬುಡವಿರುವಲ್ಲಿ, ಗೋಡೆ ಉಂಗುರದಂತೆ ಉಬ್ಬಿರುತ್ತದೆ ಅಥವಾ ಸುಕ್ಕುಗಟ್ಟಿರುತ್ತದೆ. ಮೇಜಿನ ಮೇಲೆ ನೋಡಿದರೆ ಮಾಮೂಲಾಗಿ ಕಾಣುವ ಆ ತೋಟೆ ಚೇಂಬರಿನೊಳಗೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಅಂಚು ಮಡಚಿ ಅದನ್ನು ಕಚ್ಚಿದರೆ, ಮುಂದಿನ ತಳ್ಳುವಿಕೆಯೆಲ್ಲ ತೆಳುಗೋಡೆಯ ಮೇಲೆ ಬೀಳುತ್ತದೆ. ಕೂರಿಸುವುದು ಮತ್ತು ಬಿಗಿಯುವುದನ್ನು ಎರಡು ಬೇರೆ ಹಂತಗಳಾಗಿ ಮಾಡುವುದು, ಕವಚಗಳನ್ನೆಲ್ಲ ಒಂದೇ ಉದ್ದಕ್ಕೆ ಕತ್ತರಿಸಿಕೊಳ್ಳುವುದು ಇದಕ್ಕೆ ಪರಿಹಾರ. .45-70 ತನ್ನ ಬುಡದ ಚಾಚಿದ ಅಂಚಿನ ಮೇಲೆ ಚೇಂಬರಿನಲ್ಲಿ ನಿಲ್ಲುತ್ತದೆ, 2019ರಲ್ಲಿ ಬಂದ .350 ಲೆಜೆಂಡ್ ಎಂಬ ನೇರ ತೋಟೆ ನಿಲ್ಲುವುದು ಬಾಯಿಯ ತುದಿಯ ಮೇಲೆ. ಎರಡನೆಯದರ ಬಾಯಿಯನ್ನು ಜೋರಾಗಿ ಮಡಚಿದರೆ ಅದರ ನೆಲೆಯೇ ತಪ್ಪುತ್ತದೆ.

ಬುಡದ ಸ್ವಲ್ಪ ಮೇಲೆ ಹೊಳೆಯುವ ಗೆರೆಯೊಂದು ಸುತ್ತುವರಿದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬುಡ ಹಿಂದಕ್ಕೆ ಜಗ್ಗಿ ಗೋಡೆ ಒಳಗಿನಿಂದ ತೆಳುವಾಗುತ್ತಿರುವುದರ ಸೂಚನೆ ಅದಾಗಿರಬಹುದು. ತುದಿ ಬಾಗಿಸಿದ ಗಟ್ಟಿ ತಂತಿಯನ್ನು ಒಳಗೋಡೆಯ ಮೇಲೆ ಮೆಲ್ಲಗೆ ಎಳೆದಾಗ ಉಗುರಿಗೆ ಸಿಕ್ಕಿದಂತೆ ತಗ್ಗೊಂದು ತಡೆದರೆ ಆ ಕವಚದ ಆಯಸ್ಸು ಮುಗಿಯಿತು. ಹೊರಗೋಡೆಯ ಮೇಲೆ ಬರಿಯ ಮಸಿ ಹತ್ತಿರುವುದು ಬೇರೆ ಸಂಗತಿ: ಒತ್ತಡ ಕಡಿಮೆಯಾಗಿ ಬಾಯಿ ಚೇಂಬರಿಗೆ ಸರಿಯಾಗಿ ಅಂಟದೆ ಅನಿಲ ಹಿಂದಕ್ಕೆ ನುಸುಳಿದೆ ಎಂದಷ್ಟೇ ಅದರ ಅರ್ಥ.

ಇವೆಲ್ಲ ಪೆಟ್ಟಿನಿಂದಾದ ಗಾಯಗಳು. ಯಾರೂ ಮುಟ್ಟದೆಯೇ, ಇಟ್ಟಲ್ಲೇ ಸೀಳುವ ತೋಟೆಗಳ ಒಗಟು ಎದುರಾದದ್ದು ನಮ್ಮ ನೆಲದಲ್ಲಿ. ಬ್ರಿಟಿಷ್ ಸೇನೆ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ತೋಟೆಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಗಂಜಳದಿಂದೇಳುವ ಅಮೋನಿಯಾ ತೇವದೊಂದಿಗೆ ಸೇರಿ, ತಯಾರಿಕೆಯ ವೇಳೆ ಲೋಹದೊಳಗೆ ಉಳಿದ ಬಿಗುವಿನ ಎಡೆಗಳನ್ನು ಹುಡುಕಿ ಹರಳುಗಳ ಸಂದುಗಳನ್ನೇ ಕೊರೆಯುತ್ತಿತ್ತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು 1921ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ ಇದನ್ನು ವಿವರಿಸಿತು. ಬಿಗುವು ಮತ್ತು ಅಮೋನಿಯಾ ಎರಡೂ ಕೂಡಿದಾಗಲೇ ಬಿರುಕು; ಮಿತವಾಗಿ ಕಾಯಿಸಿ ಬಿಗುವನ್ನು ಸಡಿಲಿಸಿದರೆ ಅಪಾಯ ಇಳಿಯುತ್ತದೆ. ಹಳೆಯ ಕವಚಗಳನ್ನು ಥಳಥಳಿಸಲು ಅಮೋನಿಯಾ ಬೆರೆತ ಪಾಲಿಶನ್ನು ಬಳಸಬಾರದೆಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ. ಸತು ಕರಗಿಹೋಗಿ ತಾಮ್ರ ಉಳಿದ ನಸುಗೆಂಪು ಕಲೆ ಕಂಡರೂ ಅವರು ಕವಚವನ್ನು ನಂಬುವುದಿಲ್ಲ. ಮರೆತು ಇನ್ನೊಬ್ಬರು ತುಂಬದಿರಲೆಂದು ಇಕ್ಕಳದಿಂದ ಅದರ ಬಾಯಿಯನ್ನು ಜಜ್ಜಿ, ಆಮೇಲೆ ಗುಜರಿಯ ಡಬ್ಬಿಗೆ ಹಾಕುತ್ತಾರೆ.